ಕವಚ ಒಡೆದವನ ಹೊಣೆ



ಅಮೆರಿಕದ ನಾಣ್ಯ ಮಾರುಕಟ್ಟೆಯಲ್ಲಿ ವಿಚಿತ್ರವಾದರೂ ಕಾನೂನಿಗೆ ವಿರುದ್ಧವಲ್ಲದ ಒಂದು ಉದ್ಯೋಗವಿದೆ. ತಜ್ಞರು ದರ್ಜೆ ನಿರ್ಣಯಿಸಿ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮೊಹರು ಮಾಡಿಟ್ಟ ಹಳೆಯ ನಾಣ್ಯವನ್ನು ಕೊಳ್ಳುವುದು, ಕವಚವನ್ನು ಒಡೆಯುವುದು, ಒಳಗಿನ ನಾಣ್ಯವನ್ನು ಅದೇ ಸಂಸ್ಥೆಗೆ ಹೊಸದೆಂಬಂತೆ ಮತ್ತೆ ಕಳುಹಿಸುವುದು. ದರ್ಜೆ ಒಂದಂಶ ಏರಿದರೆ ಲಾಭ. ಏರದಿದ್ದರೆ ಹೊಸ ಕವಚವನ್ನೂ ಒಡೆದು ಮತ್ತೊಮ್ಮೆ ಪ್ರಯತ್ನ. ಅಲ್ಲಿ ಇದಕ್ಕೆ ‘ಕ್ರ್ಯಾಕ್‌ಔಟ್’ ಎಂದು ಹೆಸರು. ಇದನ್ನೇ ಜೀವನೋಪಾಯ ಮಾಡಿಕೊಂಡವರೂ ಇದ್ದಾರೆ. ಇದರಲ್ಲಿ ತಪ್ಪಿದೆಯೇ, ಇದ್ದರೆ ಅದು ಯಾವ ಘಟ್ಟದಲ್ಲಿದೆ ಎಂಬುದು ಈ ಉಪನ್ಯಾಸದ ವಿಷಯ.

ದರ್ಜೆಯ ಅಂಕಿ ಹುಟ್ಟಿದ ಬಗೆಯನ್ನು ಮೊದಲು ತಿಳಿಯಬೇಕು. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬವರು ಅಮೆರಿಕದ ಆರಂಭಕಾಲದ ತಾಮ್ರದ ಸೆಂಟ್‌ಗಳನ್ನು ಕುರಿತ ತಮ್ಮ ಗ್ರಂಥದಲ್ಲಿ 1ರಿಂದ 70ರವರೆಗಿನ ಮಾನವೊಂದನ್ನು ಮುಂದಿಟ್ಟರು. ಗುರುತು ಹಿಡಿಯಲು ಸಾಧ್ಯವಾಗುವಷ್ಟು ಮಾತ್ರ ಉಳಿದ ಸವೆದ ನಾಣ್ಯಕ್ಕೆ 1, ಯಾವ ಕುಂದೂ ಇಲ್ಲದುದಕ್ಕೆ 70. ಮೂಲದಲ್ಲಿ ಅದು ಬೆಲೆಯ ಸೂತ್ರವಾಗಿತ್ತು. 1ರ ದರ್ಜೆಯದು ಒಂದು ಡಾಲರಿಗಾದರೆ 70ರದು ಎಪ್ಪತ್ತು ಡಾಲರಿಗೆ. ಬೆಲೆಯ ಸೂತ್ರ ಕಾಲಕ್ರಮದಲ್ಲಿ ಅಳಿಯಿತು, ಅಂಕಿಗಳು ಉಳಿದವು. ಈ ಶೆಲ್ಡನ್ನರೇ ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಒಳ್ಳೆಯ ಸೆಂಟ್‌ಗಳನ್ನೆತ್ತಿ ಅವುಗಳ ಜಾಗದಲ್ಲಿ ಕಳಪೆಯವನ್ನಿಟ್ಟಿದ್ದರೆಂಬುದು ಮುಂದೆ ಬಯಲಾಯಿತು. ಅಳತೆಗೋಲನ್ನು ಕೊಟ್ಟವನ ಕೈ ಶುದ್ಧವಿರಲಿಲ್ಲ. ಅಷ್ಟರಿಂದಲೇ ಅಳತೆಗೋಲು ಸುಳ್ಳಾಗುವುದಿಲ್ಲವೆನ್ನಿ.

ಟಂಕಸಾಲೆಯಿಂದ ಹೊರಬಂದ ಮೇಲೆ ಚಲಾವಣೆಯಲ್ಲಿ ಸವೆಯದ ನಾಣ್ಯಗಳೆಲ್ಲ 60ರಿಂದ 70ರೊಳಗೆ ಬರುತ್ತವೆ. ವ್ಯಾಪಾರದ ಜಗಳವೆಲ್ಲ ಈ ಹನ್ನೊಂದು ಮೆಟ್ಟಿಲುಗಳ ಮೇಲೆಯೇ. ಒಂದು ಕಾಲದಲ್ಲಿ ದರ್ಜೆಯನ್ನು ಹೇಳುತ್ತಿದ್ದವನು ವ್ಯಾಪಾರಿಯೇ. ಮಾರುವಾಗ 65 ಎಂದ ನಾಣ್ಯವನ್ನೇ ಮರಳಿ ಕೊಳ್ಳುವಾಗ 63 ಎನ್ನುವುದು ಅಲ್ಲಿ ಹೊಸದೇನಾಗಿರಲಿಲ್ಲ. ಈ ರೋಗಕ್ಕೆ ಮದ್ದಾಗಿ 1986ರಲ್ಲಿ ಪಿ.ಸಿ.ಜಿ.ಎಸ್., 1987ರಲ್ಲಿ ಎನ್.ಜಿ.ಸಿ. ಎಂಬ ಸಂಸ್ಥೆಗಳು ಕೆಲಸಕ್ಕಿಳಿದವು. ಕೊಳ್ಳುವವನೂ ಅಲ್ಲದ, ಮಾರುವವನೂ ಅಲ್ಲದ ಮೂರನೆಯವನು ನಾಣ್ಯವನ್ನು ನೋಡಿ, ದರ್ಜೆ ಹೇಳಿ, ಚೀಟಿಯೊಡನೆ ಕವಚದಲ್ಲಿ ಮುಚ್ಚಿ, ತಪ್ಪಿದರೆ ಪರಿಹಾರ ಕೊಡುವೆನೆಂಬ ಖಾತರಿ ನೀಡುವ ವ್ಯವಸ್ಥೆ ಇದು. ಲೆಕ್ಕಪರಿಶೋಧನೆಯ ವೃತ್ತಿಯವರಿಗೆ ಈ ವ್ಯವಸ್ಥೆಯ ಮೂಲತತ್ತ್ವ ಬೇಗನೆ ಅರ್ಥವಾಗುತ್ತದೆ. ಅದರ ದೌರ್ಬಲ್ಯವೂ ಅಷ್ಟೇ ಬೇಗ ಕಾಣುತ್ತದೆ.

ಮುಂಬಯಿಯ ಜವೇರಿ ಬಜಾರಿನ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಚಿನ್ನದ ಬಳೆಯ ಮೇಲೆ 916 ಎಂಬ ಹಾಲ್‌ಮಾರ್ಕ್ ಇದ್ದರೆ, ಸಾವಿರ ಭಾಗದಲ್ಲಿ 916 ಭಾಗ ಚಿನ್ನವಿದೆ ಎಂದರ್ಥ. ಅದು ವಸ್ತುವಿನ ಗುಣ. ಹತ್ತು ಸಲ ಪರೀಕ್ಷೆಗೆ ಕೊಟ್ಟರೂ, ಪರೀಕ್ಷೆ ಸರಿಯಾಗಿದ್ದರೆ, ಉತ್ತರ ಹೆಚ್ಚುಕಡಿಮೆ ಒಂದೇ. ನಾಣ್ಯದ ಕವಚದ ಮೇಲಿನ 65 ಹಾಗಲ್ಲ. ಹೊಳಪು, ಗೀರುಗಳು, ಅಚ್ಚಿನ ತೀಕ್ಷ್ಣತೆ, ಕಣ್ಣಿಗೆ ಕಾಣುವ ಅಂದ ಇವನ್ನು ಕೆಲವು ಪರಿಣತರು ಬಹಳ ಕಡಿಮೆ ಸಮಯದಲ್ಲಿ ತೂಗಿ ಹೇಳಿದ ಅಭಿಪ್ರಾಯ ಅದು. ನಾಳೆ ಬೇರೆಯವರು, ಅಥವಾ ಅವರೇ, 64 ಎಂದಾರು, 66 ಎಂದಾರು. 1990ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ದರ್ಜೆ ನಿರ್ಣಯದ ವಸ್ತುನಿಷ್ಠತೆಯನ್ನು ಜಾಹೀರಾತಿನಲ್ಲಿ ಉತ್ಪ್ರೇಕ್ಷಿಸಲಾಗಿದೆಯೆಂದು ಪಿ.ಸಿ.ಜಿ.ಎಸ್. ವಿರುದ್ಧ ದಾವೆ ಹೂಡಿತು. ಸಂಸ್ಥೆ ತಪ್ಪನ್ನು ಒಪ್ಪಿಕೊಳ್ಳದೆ ರಾಜಿ ಮಾಡಿಕೊಂಡಿತು. ದರ್ಜೆಯೆಂಬುದು ಅಭಿಪ್ರಾಯವೆಂಬುದನ್ನು ಇಂದು ಆ ವ್ಯಾಪಾರದಲ್ಲಿರುವ ಯಾರೂ ಅಲ್ಲಗಳೆಯುವುದಿಲ್ಲ.

ಅಭಿಪ್ರಾಯಕ್ಕೆ ಬೆಲೆ ಕಟ್ಟಿದಲ್ಲಿ ತೊಡಕು ಹುಟ್ಟುತ್ತದೆ. ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. 65ರಲ್ಲಿ 200 ಡಾಲರ್ ಬಾಳುವ ನಾಣ್ಯ 66ರಲ್ಲಿ 1,000 ಡಾಲರ್ ಬಾಳುತ್ತದೆಂದು ಇಟ್ಟುಕೊಳ್ಳೋಣ. ನಾಣ್ಯ ಎರಡರ ಗಡಿಯಲ್ಲಿದೆ. ಪ್ರತಿ ಸಲ ಕಳುಹಿಸಿದಾಗಲೂ 66 ಸಿಗುವ ಸಂಭವ ನಾಲ್ಕರಲ್ಲಿ ಒಂದು. ಶುಲ್ಕ ಮತ್ತು ಅಂಚೆ ವೆಚ್ಚ ಸಲಕ್ಕೆ 40 ಡಾಲರ್. ನಾಲ್ಕು ಪ್ರಯತ್ನಗಳಲ್ಲಿ ಒಮ್ಮೆಯಾದರೂ 66 ದೊರೆಯುವ ಸಂಭವ ಶೇಕಡಾ 68. ಖರ್ಚು ಹೆಚ್ಚೆಂದರೆ 160 ಡಾಲರ್, ಲಾಭ 800. ಇಂಥ ಲೆಕ್ಕ ಕಂಡ ವ್ಯಾಪಾರಿ ಸುಮ್ಮನಿರುವುದು ಕಷ್ಟ. ನಾಲ್ಕನೆಯ ಸಲ 66 ಬಂದಿತೆನ್ನಿ. ನಾಣ್ಯದಲ್ಲಿ ಕೂದಲೆಳೆಯಷ್ಟೂ ಬದಲಾವಣೆಯಿಲ್ಲ. ಮೂರು ಸಲ ಮೇಜಿನ ಆಚೆಗಿದ್ದವರು 65 ಎಂದಿದ್ದರು. ಕೊಳ್ಳುವವನ ಕಣ್ಣಿಗೆ ಬೀಳುವುದು ನಾಲ್ಕನೆಯ ಮಾತು ಮಾತ್ರ. ಅವನು 800 ಡಾಲರ್ ಹೆಚ್ಚಿಗೆ ತೆರುವುದು ನಾಣ್ಯದ ಗುಣಕ್ಕಲ್ಲ, ಮಾರುವವನ ತಾಳ್ಮೆಗೆ.

ಇನ್ನೊಂದು ಹಾನಿ ಇದಕ್ಕಿಂತ ವ್ಯಾಪಕವಾದುದು. ಈ ಸಂಸ್ಥೆಗಳು ಯಾವ ವರ್ಷದ, ಯಾವ ಟಂಕಸಾಲೆಯ ನಾಣ್ಯಗಳೆಷ್ಟಕ್ಕೆ ಯಾವ ದರ್ಜೆ ಕೊಟ್ಟಿವೆಯೆಂಬ ಎಣಿಕೆಪಟ್ಟಿಯನ್ನು ಪ್ರಕಟಿಸುತ್ತವೆ. ಅಪರೂಪತೆಗೆ ಅದೇ ಆಧಾರ. ಬೆಲೆ ಅದನ್ನು ನೋಡಿಯೇ ನಿಲ್ಲುತ್ತದೆ. ಒಡೆದ ಕವಚದ ಚೀಟಿಯನ್ನು ಸಂಸ್ಥೆಗೆ ಮರಳಿಸಿದರೆ ಹಳೆಯ ಎಣಿಕೆಯನ್ನು ತೆಗೆದುಹಾಕುತ್ತಾರೆ. ಕಸದ ಬುಟ್ಟಿಗೆ ಎಸೆದರೆ ಒಂದೇ ನಾಣ್ಯ ಪಟ್ಟಿಯಲ್ಲಿ ನಾಲ್ಕು ನಾಣ್ಯಗಳಾಗಿ ನಿಲ್ಲುತ್ತದೆ: 65ರಲ್ಲಿ ಮೂರು, 66ರಲ್ಲಿ ಒಂದು. ಇಲ್ಲದ ಸರಕು ದಾಸ್ತಾನು ಪುಸ್ತಕದಲ್ಲಿ ಕುಳಿತರೆ ಲೆಕ್ಕಿಗರು ಅದನ್ನು ಏನೆಂದು ಕರೆಯುತ್ತಾರೆಂಬುದು ಈ ಸಭೆಗೆ ಗೊತ್ತು. 65ರ ನಿಜವಾದ ನಾಣ್ಯವನ್ನಿಟ್ಟುಕೊಂಡ ಯಾರೋ ಒಬ್ಬನ ಸ್ವತ್ತು, ಅವನಿಗೆ ತಿಳಿಯದಂತೆಯೇ, ಸಾಮಾನ್ಯವಾಗಿಬಿಡುತ್ತದೆ.

ಕ್ರ್ಯಾಕ್‌ಔಟ್ ಮಾಡುವವರ ಪರವಾಗಿ ಹೇಳಬೇಕಾದ ಮಾತುಗಳೂ ಇವೆ. ನಾಣ್ಯ ಅವರದು, ಕವಚವೂ ಅವರದು, ಒಡೆಯಬಾರದೆಂಬ ಕರಾರಿಲ್ಲ. ಆಲ್ಬಮ್ಮಿನಲ್ಲಿಟ್ಟು ಸಂತೋಷಪಡಲು ಒಡೆಯುವವನನ್ನು ಯಾರೂ ದೂರಲಾರರು. ನಿರ್ಣಾಯಕರೂ ಎಡವುತ್ತಾರೆ, ಮರುಪರಿಶೀಲನೆ ಅನ್ಯಾಯವಲ್ಲ. ಕವಚದೊಳಗೆ ಇರುವಾಗಲೇ ಮತ್ತೆ ನೋಡಿ, ದರ್ಜೆ ಏರಿದರೆ ಮಾತ್ರ ಹೊರತೆಗೆಯುವ ಸೇವೆಯನ್ನು ಸಂಸ್ಥೆಗಳೇ ನೀಡುತ್ತವೆ. ಹಾಗಿದ್ದರೂ ಒಡೆಯುವುದೇಕೆ? ಹಳೆಯ ಅಂಕಿ ಕಣ್ಣೆದುರಿಗಿದ್ದರೆ ನಿರ್ಣಾಯಕನ ಮನಸ್ಸು ಅದಕ್ಕೇ ಕಟ್ಟುಬೀಳುತ್ತದೆ, ಬಯಲಿಗೆ ಬಂದ ನಾಣ್ಯಕ್ಕೆ ಮಾತ್ರ ನಿಷ್ಪಕ್ಷಪಾತ ನೋಟ ಸಿಗುತ್ತದೆ ಎಂಬುದು ಅವರ ಉತ್ತರ. ಇದು ಬಲವಾದ ವಾದ. ಮನುಷ್ಯಸ್ವಭಾವ ಬಲ್ಲ ಯಾರೂ ಇದನ್ನು ತಳ್ಳಿಹಾಕಲಾರರು. ಆದರೆ ಈ ವಾದದಿಂದ ಸಮರ್ಥನೆಯಾಗುವುದು ಒಂದು ಹೊಸ ನೋಟ. ಬೇಕಾದ ಉತ್ತರ ಬರುವವರೆಗೆ ಕೇಳುತ್ತಲೇ ಇರುವುದಲ್ಲ. ಮೇಲ್ಮನವಿಗೂ ಲಾಟರಿಗೂ ವ್ಯತ್ಯಾಸವಿದೆ. ಮೇಲ್ಮನವಿಯಲ್ಲಿ ಕೆಳಗಿನ ನ್ಯಾಯಾಲಯದ ತೀರ್ಪು ಕಡತದಲ್ಲಿ ಉಳಿಯುತ್ತದೆ.

‘ನಾಣ್ಯವನ್ನು ಕೊಳ್ಳಿ, ಕವಚವನ್ನಲ್ಲ’ ಎಂಬ ಬುದ್ಧಿಮಾತು ಆ ಸಂಗ್ರಾಹಕರಲ್ಲಿ ಬಹು ಪ್ರಚಲಿತ. ಮಾತು ಸರಿಯೇ. ಆದರೆ ನಾಲ್ಕು ಸಲ ಕವಚ ಬದಲಿಸಿ ಬಂದ ವ್ಯಾಪಾರಿಯ ಬಾಯಲ್ಲಿ ಅದು ಶೋಭಿಸುವುದಿಲ್ಲ. ಅವನು ಮಾರುತ್ತಿರುವುದು ಕವಚವನ್ನೇ.

ಭಾರತದ ಚಾರ್ಟರ್ಡ್ ಅಕೌಂಟೆಂಟ್‌ಗಳ ಕಾಯಿದೆ ಬಂದದ್ದೂ, ಕಾಕತಾಳೀಯವಾಗಿ, 1949ರಲ್ಲಿಯೇ. ಅದರ ಮೊದಲನೆಯ ಅನುಸೂಚಿಯ ಪ್ರಕಾರ, ಬೇರೊಬ್ಬ ಚಾರ್ಟರ್ಡ್ ಅಕೌಂಟೆಂಟ್ ಇದ್ದ ಲೆಕ್ಕಪರಿಶೋಧಕನ ಸ್ಥಾನವನ್ನು ಒಪ್ಪಿಕೊಳ್ಳುವ ಮೊದಲು ಹಳಬನಿಗೆ ಲಿಖಿತವಾಗಿ ತಿಳಿಸದಿದ್ದರೆ ಅದು ವೃತ್ತಿಯ ದುರ್ನಡತೆ. ಲೆಕ್ಕಪರಿಶೋಧಕನನ್ನು ಬದಲಿಸುವ ಹಕ್ಕು ಕಂಪನಿಗಿದೆ. ನಿಯಮ ಅದನ್ನು ಕಸಿಯುವುದಿಲ್ಲ. ಹಳಬ ಏಕೆ ಹೋದ, ಅವನ ಆಕ್ಷೇಪವೇನಿತ್ತು ಎಂಬುದು ಗಾಳಿಯಲ್ಲಿ ಕರಗಿಹೋಗದಂತೆ ಒಂದು ಪತ್ರ ಇರಬೇಕು, ಅಷ್ಟೆ. ಬೇಕಾದ ಅಭಿಪ್ರಾಯ ಕೊಡುವವನನ್ನು ಹುಡುಕಿಕೊಂಡು ಅಲೆಯುವ ಮಾಲೀಕನಿಗೆ ಆ ಪತ್ರವೇ ಅಡ್ಡಿ. ನಾಣ್ಯದ ವ್ಯಾಪಾರದಲ್ಲಿ ಇಲ್ಲದಿರುವುದು ಈ ಪತ್ರ. ಆದ್ದರಿಂದ ಕವಚವನ್ನು ಒಡೆಯುವುದನ್ನು ತಪ್ಪೆನ್ನುವ ಬದಲು, ಒಡೆದ ಮೇಲೆ ಹಿಂದಿನ ನಿರ್ಣಯದ ಗುರುತನ್ನು ಅಳಿಸುವುದನ್ನು ತಪ್ಪೆನ್ನುವುದು ನ್ಯಾಯ. ಚೀಟಿಯನ್ನು ಮರಳಿಸುವುದು, ಕೊಳ್ಳುವವನು ಕೇಳಿದಾಗ ಹಳೆಯ ದರ್ಜೆಯನ್ನು ಮುಚ್ಚಿಡದಿರುವುದು, ಇವೆರಡಕ್ಕೂ ಒಂದು ಲಕೋಟೆಗಿಂತ ಹೆಚ್ಚಿನ ಖರ್ಚಿಲ್ಲ.

ಅಳಿಸಿದಾಗ ಹೋಗುವುದು ಅಂಕಿ ಮಾತ್ರವೂ ಅಲ್ಲ. ಬಾಲ್ಟಿಮೋರಿನ ಬ್ಯಾಂಕರ್ ಲೂಯಿ ಎಲಿಯಾಸ್‌ಬರ್ಗ್ ಅವರ ಸಂಗ್ರಹ 1982, 1996 ಮತ್ತು 1997ರಲ್ಲಿ ಹರಾಜಾಯಿತು. ಅಂಥ ಮನೆತನದಿಂದ ಬಂದ ನಾಣ್ಯದ ಚೀಟಿಯಲ್ಲಿ ಆ ಹೆಸರಿರುತ್ತದೆ. ಅರ್ಧ ಅಂಶದ ಆಸೆಗೆ ಕವಚ ಒಡೆದು ಚೀಟಿ ಎಸೆದರೆ ನಾಣ್ಯದ ವಂಶಾವಳಿಯೂ ಅಲ್ಲಿಗೇ ಮುಗಿಯುತ್ತದೆ.

ಯಾವ ರಿಯಾಯಿತಿಗೂ ಅರ್ಹವಲ್ಲದ ಬಗೆಯೊಂದಿದೆ. ‘ತೊಳೆದದ್ದು’, ‘ಕೃತಕವಾಗಿ ಬಣ್ಣವೇರಿಸಿದ್ದು’ ಎಂದು ಚೀಟಿಯಲ್ಲಿ ಬರೆದು, ಅಂಕಿಯನ್ನೇ ಕೊಡದೆ ಸಂಸ್ಥೆ ಹಿಂದಿರುಗಿಸಿದ ನಾಣ್ಯವನ್ನು ಒಡೆದು, ಬಿಡಿನಾಣ್ಯವಾಗಿ ಏನೂ ಅರಿಯದವನಿಗೆ ಮಾರುವುದು. ಅಥವಾ ಒಡೆದ ಮೇಲೆ ಆಮ್ಲದ ದ್ರಾವಣದಲ್ಲಿ ಅದ್ದಿ, ಮೇಲ್ಪದರವನ್ನು ಕರಗಿಸಿ ಹೊಳಪು ಬರಿಸಿ, ಮತ್ತೆ ದರ್ಜೆಗೆ ಕಳುಹಿಸುವುದು. ಬೆಳ್ಳಿಯ ಮೇಲೆ ಅಚ್ಚು ಬಿದ್ದಾಗ ಮೂಡಿದ ಸೂಕ್ಷ್ಮ ರೇಖೆಗಳಿಂದಲೇ ನಾಣ್ಯಕ್ಕೆ ಸಹಜ ಕಾಂತಿ. ಪದೇ ಪದೇ ಅದ್ದಿದರೆ ಆ ರೇಖೆಗಳೇ ಕರಗಿ ನಾಣ್ಯ ನಿರ್ಜೀವವಾಗುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಪ್ರತಿರೂಪಕ ವ್ಯವಹಾರ’ವೆಂದು ಎಣಿಸಿರುವುದು ಇಂಥದನ್ನೇ. ಅದನ್ನು ಸುಳ್ಳಿನ ಲೆಕ್ಕಕ್ಕೆ ಹಾಕದೆ ಕಳವಿನ ಲೆಕ್ಕಕ್ಕೆ ಹಾಕಿರುವುದು ಗಮನಾರ್ಹ.

ಕೊನೆಗೆ ಉಳಿಯುವುದು ಹಳೆಯ ಕವಚಗಳ ಪ್ರಶ್ನೆ. 1980ರ ದಶಕದ ಕವಚಗಳಲ್ಲಿ ದರ್ಜೆ ಬಿಗಿಯಾಗಿತ್ತು, ಇಂದು ಸಡಿಲವಾಗಿದೆ ಎಂಬ ನಂಬಿಕೆ ಆ ಮಾರುಕಟ್ಟೆಯಲ್ಲಿ ಬಲವಾಗಿದೆ. ಹಾಗಾಗಿ ತೀರಿಕೊಂಡ ಸಂಗ್ರಾಹಕನ ಪತ್ನಿಯೊಬ್ಬಳು ಹಳೆಯ ಕವಚದ ನಾಣ್ಯಗಳನ್ನು ಮಾರಲು ಬಂದಾಗ, ಚೀಟಿಯ ಮೇಲೆ 64 ಇದ್ದರೂ ಅದು ಇಂದು 66 ಆಗಬಲ್ಲುದೆಂದು ವ್ಯಾಪಾರಿಗೆ ಗೊತ್ತಿರುತ್ತದೆ, ಆಕೆಗೆ ಗೊತ್ತಿರುವುದಿಲ್ಲ. ಬಹಿರಂಗ ಹರಾಜಿನಲ್ಲಿ ತನ್ನ ಕಣ್ಣಿನ ಪಳಗುವಿಕೆಯಿಂದ ಅದನ್ನು ಕಂಡು ಕೂಗಿದವನ ಲಾಭ ಅವನ ವಿದ್ಯೆಯ ಫಲ. ಅಲ್ಲಿ ಬೇರೆ ಕಣ್ಣುಗಳೂ ಇರುತ್ತವೆ. ಆಕೆ ಅಂಗಡಿಗೆ ಬಂದು ‘ಇದಕ್ಕೆ ಏನು ಬೆಲೆ ಹೇಳುತ್ತೀರಿ’ ಎಂದು ಕೇಳಿದಾಗ ಅವನು ಕೊಳ್ಳುವವನಷ್ಟೇ ಅಲ್ಲ, ಸಲಹೆಗಾರನೂ ಆಗಿಬಿಡುತ್ತಾನೆ. ಆಗ 64ರ ಬೆಲೆ ಹೇಳಿ, ರಾತ್ರಿ ಕವಚ ಒಡೆಯುವವನಿಗೆ ಅಭಿಪ್ರಾಯ, ಅವಕಾಶ, ಮಾಲೀಕನ ಹಕ್ಕು ಎಂಬ ಯಾವ ಮಾತೂ ನೆರವಿಗೆ ಬರಲಾರದು.

ಇದೆಲ್ಲ ಅಮೆರಿಕದ ಮಾತೆಂದು ಮುಂಬಯಿ, ಚೆನ್ನೈಗಳ ಸಂಗ್ರಾಹಕರು ಸುಮ್ಮನಿರುವಂತಿಲ್ಲ. ಬ್ರಿಟಿಷ್ ಇಂಡಿಯಾದ ರೂಪಾಯಿಗಳೂ ಸಂಸ್ಥಾನಗಳ ನಾಣ್ಯಗಳೂ ಈಗ ಇವೇ ಸಂಸ್ಥೆಗಳ ಕವಚಗಳಲ್ಲಿ ಮಾರಾಟಕ್ಕೆ ಬರುತ್ತಿವೆ. ಅಜ್ಜನ ಪೆಟ್ಟಿಗೆಯ ವಿಕ್ಟೋರಿಯಾ ರೂಪಾಯಿಗಳಿಗೆ ಮಕ್ಕಳು ದರ್ಜೆ ಮಾಡಿಸುವ ಯೋಚನೆಯಲ್ಲಿದ್ದರೆ, ಚೀಟಿಗಳನ್ನು ಜೋಪಾನವಾಗಿಡಲಿ. ಕವಚದೊಳಗಿನದನ್ನು ಕೊಳ್ಳುವುದಾದರೆ ಅದು ಮೊದಲು ಬೇರೆ ಕವಚದಲ್ಲಿತ್ತೇ, ಅಲ್ಲಿ ಯಾವ ದರ್ಜೆಯಿತ್ತು ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಲಿ.