ಮನೆಯ ಟ್ಯಾಬ್ಲೆಟ್ ಮತ್ತು ಮನೆಯವರ ಭಾಷೆ



ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ವಸತಿ ಕಾಲೊನಿಯಿದೆ. ಗುಜರಾತ್ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಉದ್ಯೋಗ ನಿಮಿತ್ತ ಇಂತಹ ಬಡಾವಣೆಯಲ್ಲಿ ನೆಲೆಸುವ ಕನ್ನಡ ಕುಟುಂಬವೊಂದನ್ನು ಊಹಿಸಿಕೊಳ್ಳಬಹುದು. ಮಕ್ಕಳು ಶಾಲೆಯಲ್ಲಿ ಹಿಂದಿ, ಇಂಗ್ಲಿಷ್ ಕಲಿಯುತ್ತಾರೆ; ಅಂಗಡಿಯಲ್ಲಿ ಗುಜರಾತಿ ಆಡುತ್ತಾರೆ; ಊರಿನಿಂದ ಬಂದ ಅಜ್ಜಿಗೆ ಓದಲು ಬರುವುದು ಕನ್ನಡವೊಂದೇ. ಮನೆಯಲ್ಲಿರುವ ಟ್ಯಾಬ್ಲೆಟ್ ಗಣಕವೂ ಒಂದೇ. ಅದು ಯಾರ ಭಾಷೆಯಲ್ಲಿ ಮಾತನಾಡಬೇಕು?

ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿಯೇ ಒಂದು ಉತ್ತರ ಮೂಡಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ರೂಪಿಸಿದ ‘ಸಿಂಪ್ಯೂಟರ್’ 2001ರಲ್ಲಿ ಬೆಳಕಿಗೆ ಬಂದಿತು. ಅದು ಅಂಗೈಯಲ್ಲಿ ಹಿಡಿಯುವ, ಪರದೆಯನ್ನು ಮುಟ್ಟಿ ನಡೆಸುವ ಗಣಕ. ಒಂದೇ ಉಪಕರಣವನ್ನು ಹಲವರು ಹಂಚಿಕೊಳ್ಳಬೇಕು, ಪ್ರತಿಯೊಬ್ಬರ ವಿವರಗಳೂ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಇರಬೇಕು ಎಂಬುದು ಅದರ ಕಲ್ಪನೆ. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ವ್ಯಾಪಕವಾಗಿ ಹರಡಲಿಲ್ಲ. ಆದರೆ ಹಂಚಿಕೊಂಡ ಯಂತ್ರವೂ ಬಳಸುವವರಿಗೆ ತಕ್ಕಂತೆ ಬದಲಾಗಬೇಕೆಂಬ ಅದರ ವಿಚಾರ ಇಂದಿಗೂ ಪ್ರಸ್ತುತವಾಗಿದೆ.

ಆಂಡ್ರಾಯ್ಡ್ ವ್ಯವಸ್ಥೆಯ ಟ್ಯಾಬ್ಲೆಟ್‌ಗಳಲ್ಲಿ 2012ರಿಂದ ಒಂದಕ್ಕಿಂತ ಹೆಚ್ಚು ಬಳಕೆದಾರರಿಗೆ ಪ್ರತ್ಯೇಕ ಖಾತೆಗಳನ್ನು ತೆರೆಯುವ ಸೌಲಭ್ಯ ಬಂದಿತು. 2014ರ ಐದನೆಯ ಆವೃತ್ತಿಯಲ್ಲಿ ಕನ್ನಡವು ಪರದೆಯ ಭಾಷೆಯಾಯಿತು. 2016ರ ಏಳನೆಯ ಆವೃತ್ತಿಯಿಂದ ಹಲವು ಭಾಷೆಗಳನ್ನು ಆದ್ಯತೆಯ ಕ್ರಮದಲ್ಲಿ ಇರಿಸಬಹುದಾಗಿದೆ.

ಕ್ರಮ ಸರಳವಾದುದು. ‘ಸೆಟ್ಟಿಂಗ್ಸ್’ ವಿಭಾಗದಲ್ಲಿ ಬಳಕೆದಾರರ ಪಟ್ಟಿಯನ್ನು ತೆರೆದು ಅಜ್ಜಿಗೊಂದು ಖಾತೆಯನ್ನು ಸೇರಿಸಬೇಕು. ಆ ಖಾತೆಯಲ್ಲಿ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿ ಮೊದಲ ಸ್ಥಾನಕ್ಕೆ ತರಬೇಕು. ಎರಡನೆಯ ಸ್ಥಾನದಲ್ಲಿ ಮನೆಯವರು ಓದಬಲ್ಲ ಇನ್ನೊಂದು ಭಾಷೆ ಇರುವುದು ಲೇಸು; ಏಕೆಂದರೆ ಎಲ್ಲ ಆ್ಯಪ್‌ಗಳೂ ಕನ್ನಡದಲ್ಲಿ ದೊರೆಯುವುದಿಲ್ಲ. ಕೆಲವು ತಯಾರಕರು ಬಹುಬಳಕೆಯ ಸೌಲಭ್ಯವನ್ನು ಕೊಟ್ಟಿರುವುದಿಲ್ಲವಾದ್ದರಿಂದ ಕೊಳ್ಳುವ ಮೊದಲೇ ವಿಚಾರಿಸತಕ್ಕದ್ದು.

ಅಕ್ಷರದ ಗಾತ್ರವು ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಅಂಶ. ಕನ್ನಡದ ಒತ್ತಕ್ಷರಗಳು ಮೂಲಾಕ್ಷರದ ಕೆಳಗೆ ಚಿಕ್ಕದಾಗಿ ಮೂಡುತ್ತವೆ. ಇಂಗ್ಲಿಷ್ ಓದಲು ಸಾಕಾಗುವ ಗಾತ್ರದಲ್ಲಿ ಅವು ವಯಸ್ಸಾದವರ ಕಣ್ಣಿಗೆ ಗೋಚರಿಸದೆ ಹೋಗಬಹುದು. ‘ಡಿಸ್‌ಪ್ಲೇ’ ವಿಭಾಗದಲ್ಲಿ ಅಕ್ಷರವನ್ನು ಒಂದೆರಡು ಹಂತ ಹಿರಿದಾಗಿಸಿದರೆ ಈ ತೊಡಕು ನೀಗುತ್ತದೆ. ಬೆರಳಚ್ಚು ಬಾರದವರು ಕನ್ನಡ ಕೀಲಿಮಣೆಯಲ್ಲಿರುವ ಮೈಕಿನ ಗುರುತನ್ನು ಒತ್ತಿ, ಮಾತಿನ ಮೂಲಕವೇ ಬರೆಯಿಸಬಹುದು.

ಹಿನ್ನೆಲೆಯ ಚಿತ್ರ, ಬಣ್ಣಗಳು ಅವರವರ ಅಭಿರುಚಿಗೆ ಸೇರಿದವು. ಅಲಂಕಾರಕ್ಕೆಂದು ಅಪರಿಚಿತ ಮೂಲಗಳಿಂದ ಆ್ಯಪ್‌ಗಳನ್ನು ಇಳಿಸಿಕೊಳ್ಳುವುದು ಮಾತ್ರ ಸಲ್ಲದು.

ಭಾಷೆಯ ಆಯ್ಕೆಯಾದರೋ ಅಲಂಕಾರದ ವಿಷಯವಲ್ಲ. ಸಂಪರ್ಕ ಪಟ್ಟಿ, ಕ್ಯಾಮೆರಾ, ಇರುವ ಸ್ಥಳ ಇವುಗಳನ್ನು ಬಳಸಲು ಆ್ಯಪ್‌ಗಳು ಅನುಮತಿ ಕೇಳುತ್ತವೆ. ಆ ಪ್ರಶ್ನೆ ತಿಳಿಯದ ಭಾಷೆಯಲ್ಲಿ ಬಂದರೆ, ಅದು ಪರದೆಯಿಂದ ತೊಲಗಲಿ ಎಂದು ಅಜ್ಜಿ ಕೈಗೆ ಸಿಕ್ಕ ಗುಂಡಿಯನ್ನು ಒತ್ತಿಬಿಡುತ್ತಾರೆ. ಅದು ಒಪ್ಪಿಗೆಯೆನಿಸದು. ಅದೇ ಪ್ರಶ್ನೆ ಕನ್ನಡದಲ್ಲಿ, ಓದಬಲ್ಲ ಗಾತ್ರದಲ್ಲಿ ಕಂಡಾಗ ಅವರು ‘ಬೇಡ’ ಎಂದೂ ಹೇಳಬಲ್ಲರು. ಹೊಸ ಟ್ಯಾಬ್ಲೆಟ್ ಮನೆಗೆ ಬಂದ ದಿನವೇ ಕುಟುಂಬದವರು ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಏರ್ಪಾಡನ್ನು ಮಾಡುವುದು ಒಳಿತು.