ಸೊಟ್ಟ ಹೊಲಿಗೆ ಬಿಚ್ಚಬೇಡಿ



ಮಕ್ಕಳೇ ಹೊಲಿದ ಕೌದಿಗಳ ಪ್ರದರ್ಶನ ಇದು. ದೀಪ ಹಚ್ಚುವ ಮುಂಚೆಯೇ ಒಂದು ಸುತ್ತು ನೋಡಿ ಬಂದೆ. ಒಂದು ಕೌದಿಯಲ್ಲಿ ಇಳಕಲ್ ಸೀರೆಯ ಕೆಂಪು ಸೆರಗಿನ ಪಕ್ಕ ಶಾಲೆಯ ಸಮವಸ್ತ್ರದ ನೀಲಿ ತುಂಡು. ಹೊಲಿಗೆ ಶುರುವಿನಲ್ಲಿ ಬೆರಳಗಲ ಇದೆ, ನಡುವೆ ಅಡ್ಡದಾರಿ ಹಿಡಿದಿದೆ, ಕೊನೆಯ ಮೂಲೆಗೆ ಬರುವಷ್ಟರಲ್ಲಿ ಅಕ್ಕಿಕಾಳಿನಷ್ಟು ಸಣ್ಣದಾಗಿದೆ. ಕೈ ಪಳಗಿದ್ದು ಆ ಒಂದೇ ಸಾಲಿನಲ್ಲಿ ಕಾಣುತ್ತದೆ. ಅದನ್ನು ಬಿಚ್ಚಿ ನೇರ ಮಾಡದೆ ಹಾಗೆಯೇ ತೂಗುಹಾಕಿದ ಶಿಕ್ಷಕರಿಗೆ ನನ್ನ ಮೊದಲ ವಂದನೆ.

ಕೌದಿ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ ಹೊಲಿಯುತ್ತಿದ್ದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿ ಮೂಲೆಯಿಂದ ಶುರುವಾಗಿ, ಅಂಚಿನಗುಂಟ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಿಚಿದ ಬಟ್ಟೆಯ ‘ಫುಲ’ ಕೂಡದೆ ಅದು ಪೂರ್ತಿಯಾದಂತಲ್ಲ. ಇದನ್ನು ಯಾರೂ ಪಾಠ ಮಾಡಿ ಕಲಿಸಲಿಲ್ಲ. ಅಜ್ಜಿಗೆ ಕಣ್ಣು ಮಂಜು, ಮೊಮ್ಮಗಳ ಕಣ್ಣು ಚುರುಕು. ಸೂಜಿಗೆ ದಾರ ಪೋಣಿಸಿಕೊಡುತ್ತಲೇ ಕಲಿಕೆ ಸಾಗುತ್ತಿತ್ತು. ಅಜ್ಜಿ-ಮೊಮ್ಮಕ್ಕಳು ಬೇರೆ ಬೇರೆ ಊರುಗಳಲ್ಲಿರುವ ಇಂದು ಆ ಕೆಲಸ ಶಾಲೆಯ ಪಾಲಿಗೆ ಬಂದಿದೆ.

ಕೈಕೆಲಸದ ಮೂಲಕವೇ ಶಿಕ್ಷಣ ಎಂಬ ವಿಚಾರವನ್ನು ಗಾಂಧೀಜಿ 1937ರಲ್ಲಿ ವರ್ಧಾದ ಸಮ್ಮೇಳನದ ಮುಂದಿಟ್ಟರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯ ಮಕ್ಕಳಿಗೆ ಕೈಕಸುಬು ಕಲಿಯಲು ಬ್ಯಾಗಿಲ್ಲದ 10 ದಿನಗಳನ್ನು ಸೂಚಿಸಿದೆ. ಆದರೆ ಸೂಜಿ ಹಿಡಿಯಲು ಆರನೇ ತರಗತಿಯವರೆಗೆ ಕಾಯಬೇಕಿಲ್ಲ. ಜರ್ಮನಿಯ ಫ್ರೋಬೆಲ್ ಅವರ ಕಿಂಡರ್‌ಗಾರ್ಟನ್ ಪದ್ಧತಿಯಲ್ಲಿ ಪುಟ್ಟ ಮಕ್ಕಳು ತೂತು ಮಾಡಿದ ರಟ್ಟಿನ ಮೇಲೆ ಹೊಲಿಯುವುದು ಹತ್ತೊಂಬತ್ತನೇ ಶತಮಾನದಲ್ಲೇ ಇತ್ತು.

ಕಲಿಸುವ ಕ್ರಮವೂ ಸರಳ. ಮೊದಲು ರಟ್ಟಿನ ತೂತುಗಳಲ್ಲಿ ಬೂಟಿನ ಲೇಸು. ಆಮೇಲೆ ಗೋಣಿತಾಟಿನ ಮೇಲೆ ಮೊಂಡ ತುದಿಯ ದೊಡ್ಡ ಸೂಜಿ, ಉಲ್ಲನ್ ದಾರ. ಗೋಣಿಯ ಎಳೆಗಳು ಬಿಡಿಬಿಡಿಯಾಗಿ ಕಾಣುವುದರಿಂದ ಮಗು ಎಣಿಸಿ ಹೊಲಿಯುತ್ತದೆ. ಬಳಿಕ ಒಗೆದು ಮೆತ್ತಗಾದ ಹತ್ತಿಬಟ್ಟೆ; ನೈಲಾನ್ ಕೈಯಿಂದ ಜಾರುತ್ತದೆ. ದಾರ ಒಂದು ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ಕೊಡುವಾಗ ಎಣಿಸಿದ ಸೂಜಿಗಳನ್ನು ಏಳುವ ಮುಂಚೆ ಮತ್ತೆ ಎಣಿಸಬೇಕು. ಮೂರು ಸಾಲು, ಸಾಲಿಗೆ ಮೂರು ತುಂಡು ಜೋಡಿಸಿದರೆ ಗೊಂಬೆಗೆ ಹೊದಿಸುವಷ್ಟು ಕೌದಿ. ಮೊದಲ ಕೌದಿ ಅಷ್ಟೇ ಇರಲಿ, ಆದರೆ ಮುಗಿಯಲಿ.

ತಾಯಂದಿರಲ್ಲಿ ಒಂದು ಮಾತು. ಮಗು ಮಲಗಿದ ಮೇಲೆ ಅದರ ಹೊಲಿಗೆ ಬಿಚ್ಚಿ ನೀವು ಹೊಲಿಯಬೇಡಿ. ಬಹುಮಾನ ಬರಬಹುದು, ಆದರೆ ತನ್ನ ಕೈ ಸಾಲದು ಎಂಬುದನ್ನು ಮಗು ಕಲಿಯುತ್ತದೆ. ದಾರ ಗಂಟಾದರೆ ತಾನೇ ಬಿಡಿಸಲಿ, ತಪ್ಪಿದ್ದು ಕಂಡರೆ ತಾನೇ ಬಿಚ್ಚಲಿ.

ತಂದೆಯರಲ್ಲಿ ಇನ್ನೊಂದು. ಪೇಟೆಯ ದರ್ಜಿ ಗಂಡಸಾದರೆ ನಮಗೇನೂ ಅನ್ನಿಸುವುದಿಲ್ಲ. ಮನೆಯಲ್ಲಿ ಮಗ ತನ್ನ ಅಂಗಿಗೆ ಗುಂಡಿ ಹಚ್ಚಿಕೊಂಡರೆ ನಗುತ್ತೇವೆ. ಆ ನಗು ಇವತ್ತಿಗೆ ಸಾಕು. ಇಲ್ಲಿನ ಕೌದಿಗಳಲ್ಲಿ ಯಾವುದು ಹುಡುಗನದು, ಯಾವುದು ಹುಡುಗಿಯದು ಎಂದು ಹೊಲಿಗೆ ನೋಡಿ ಯಾರೂ ಹೇಳಲಾರರು.

ಶಾಲೆಗಳು ವಾರಕ್ಕೊಂದು ಪಿರಿಯಡ್ ಸೂಜಿ-ದಾರಕ್ಕೆ ಬಿಡಲಿ, ಪರೀಕ್ಷೆ ಹತ್ತಿರ ಬಂತೆಂದು ಅದನ್ನು ಗಣಿತಕ್ಕೆ ಕೊಡದಿರಲಿ. ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಒಳಗೆ ಹೋಗಿ ನೋಡಿ; ಮೆಚ್ಚಿದ ಕೌದಿಯ ಮುಂದೆ ನಿಂತು, ಹೊಲಿದ ಮಗುವನ್ನೇ ಕರೆದು ಮಾತಾಡಿಸಿ.