ಎರಡು ಪುಟ್ಟ ಮರಕುಟಿಗಗಳು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹದಿನೆಂಟು ವರ್ಷ ಈ ಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಶಾಲೆ ನಡೆದುಬಂದ ದಾರಿಯನ್ನು ನನಗಿಂತ ಮೊದಲು ಮಾತನಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಮೈದಾನದ ಅಂಚಿನ ಮರಗಳಲ್ಲಿರುವ ಎರಡು ಹಕ್ಕಿಗಳ ಬಗ್ಗೆ ಸ್ವಲ್ಪ ಹೊತ್ತು ಮಾತನಾಡುತ್ತೇನೆ. ಅದಕ್ಕೆ ಕಾರಣವಿದೆ. ಇಕೋ ಕ್ಲಬ್ಬಿನ ಮಕ್ಕಳು ಶಾಲೆಯ ಆವರಣದಲ್ಲಿ ಕಂಡ ಹಕ್ಕಿಗಳ ಪಟ್ಟಿ ಮಾಡಿ ವರಾಂಡದ ಗೋಡೆಗೆ ಹಾಕಿದ್ದಾರೆ. ಅದರಲ್ಲಿ ‘ಚಿಕ್ಕ ಮರಕುಟಿಗ’ ಎಂದು ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದ ಆ ಮಕ್ಕಳನ್ನು ಅಭಿನಂದಿಸುತ್ತೇನೆ. ಅವರಿಗೆ ಅನುಮಾನ ಬಂದದ್ದು ಸರಿಯಾಗಿಯೇ ಇದೆ. ನಮ್ಮ ಮರಗಳಲ್ಲಿ ಎರಡು ಜಾತಿಯ ಚಿಕ್ಕ ಮರಕುಟಿಗಗಳಿವೆ.

ಒಂದು ಕಂದು ನೆತ್ತಿಯ ಕುಬ್ಜ ಮರಕುಟಿಗ. ಇನ್ನೊಂದು ಹಳದಿ ನೆತ್ತಿಯ ಮರಕುಟಿಗ. ಎರಡನೆಯದಕ್ಕೆ 1801ರಲ್ಲಿ ಲ್ಯಾಥಮ್ ಕೊಟ್ಟ ಲ್ಯಾಟಿನ್ ಹೆಸರಿನಲ್ಲಿ ‘ಮಹ್ರಾಟೆನ್ಸಿಸ್’ ಎಂಬ ಪದವಿದೆ. ಮರಾಠರ ನಾಡಿನದು ಎಂದು ಅರ್ಥ. ಹಾಗಾಗಿ ಹಳೆಯ ಪುಸ್ತಕಗಳಲ್ಲಿ ಇದು ಮರಾಠಾ ಮರಕುಟಿಗ. ಮೊದಲನೆಯದಕ್ಕೆ 1832ರಲ್ಲಿ ವಿಗರ್ಸ್ ಇಟ್ಟ ಹೆಸರು ‘ನ್ಯಾನಸ್’, ಅಂದರೆ ಕುಳ್ಳ. ಎರಡಕ್ಕೂ ಕಪ್ಪು ಅಥವಾ ಕಂದು ಬೆನ್ನಿನ ಮೇಲೆ ಬಿಳಿ ಚುಕ್ಕೆ, ಪಟ್ಟೆಗಳು. ಎದೆಯ ಮೇಲೆ ಗೀರುಗಳು. ದೂರದಿಂದ ನೋಡಿದರೆ ಅಣ್ಣ ತಮ್ಮಂದಿರಂತೆ ಕಾಣುತ್ತವೆ.

ಮೊದಲು ಗಾತ್ರ ನೋಡಿ. ಕುಬ್ಜ ಮರಕುಟಿಗ ಸುಮಾರು 13 ಸೆಂಟಿಮೀಟರ್, ಗುಬ್ಬಚ್ಚಿಗಿಂತ ತುಸು ಚಿಕ್ಕದು. ಹಳದಿ ನೆತ್ತಿಯದು 17-18 ಸೆಂಟಿಮೀಟರ್, ಹೆಚ್ಚುಕಡಿಮೆ ಪಿಕಳಾರದ ಅಳತೆ. ಆದರೆ ಎತ್ತರದ ಕೊಂಬೆಯಲ್ಲಿ ಒಂಟಿಯಾಗಿ ಕೂತ ಹಕ್ಕಿಯ ಅಳತೆ ಕಣ್ಣಿಗೆ ಮೋಸ ಮಾಡುತ್ತದೆ. ಪಕ್ಕದಲ್ಲಿ ಗುಬ್ಬಿಯೋ ಮೈನಾವೋ ಇದ್ದರೆ ಮಾತ್ರ ಗಾತ್ರವನ್ನು ನಂಬಿ.

ಆಮೇಲೆ ತಲೆ ನೋಡಿ. ಕುಬ್ಜದ ನೆತ್ತಿ ಕಂದು. ಕಣ್ಣಿನ ಹಿಂದಿನಿಂದ ಕತ್ತಿನವರೆಗೆ ಅಗಲವಾದ ಕಂದು ಪಟ್ಟಿ ಇಳಿದಿರುತ್ತದೆ. ದುರ್ಬೀನು ಇದ್ದರೆ ಬಿಳಿಚಿದ ಕಣ್ಣು, ಅದರ ಸುತ್ತ ಕೆಂಪು ಅಂಚು ಕಾಣುತ್ತದೆ. ಹಳದಿ ನೆತ್ತಿಯದಕ್ಕೆ ಹಣೆ ಹಳದಿ. ಗಂಡಾದರೆ ಹಳದಿಯ ಹಿಂದೆ ಕೆಂಪು ಇರುತ್ತದೆ, ಹೆಣ್ಣಿಗೆ ಆ ಕೆಂಪು ಇಲ್ಲ. ಮುಖ ಬಿಳಿಚಿಕೊಂಡಿದ್ದು, ಕತ್ತಿನ ಬದಿಯಲ್ಲಿ ಮಾತ್ರ ಕಂದು ಮಚ್ಚೆ.

ಮೂರನೆಯದು ಹೊಟ್ಟೆ. ಹಳದಿ ನೆತ್ತಿಯದರ ಹೊಟ್ಟೆಯ ನಡುವೆ ಕುಂಕುಮ ಹಚ್ಚಿದಂಥ ಕೆಂಪು ಮಚ್ಚೆಯಿದೆ. ಕುಬ್ಜಕ್ಕೆ ಅದಿಲ್ಲ. ಇಲ್ಲಿ ಎಲ್ಲರೂ ಎಡವುತ್ತಾರೆ. ಮರಕುಟಿಗ ಕಾಂಡಕ್ಕೆ ಅಂಟಿಕೊಂಡಿರುವಾಗ ಹೊಟ್ಟೆ ಮರದ ಕಡೆಗಿರುತ್ತದೆ, ನಮಗೆ ಬೆನ್ನೇ ಕಾಣುವುದು. ಕುಬ್ಜದ ಗಂಡಿಗೂ ತಲೆಯ ಹಿಂಬದಿಯಲ್ಲಿ ಎರಡೂ ಕಡೆ ಒಂದೊಂದು ಸಣ್ಣ ಕೆಂಪು ಗೀರಿದೆ. ಅದು ಕಾಣುವುದೇ ಅಪರೂಪ. ಆದ್ದರಿಂದ ಮಕ್ಕಳೇ, ನೋಟ್‌ಬುಕ್ಕಿನಲ್ಲಿ ‘ಕೆಂಪು ಇಲ್ಲ’ ಎಂದು ಬರೆಯುವ ಮೊದಲು ಯೋಚಿಸಿ. ‘ಕೆಂಪು ಕಾಣಲಿಲ್ಲ’ ಎಂದು ಬರೆಯಿರಿ. ಈ ಎರಡು ವಾಕ್ಯಗಳ ನಡುವಿನ ಅಂತರವೇ ವಿಜ್ಞಾನದ ಮೊದಲ ಪಾಠ. ಕಂಡದ್ದನ್ನು ಮೊದಲು ಬರೆಯಿರಿ, ಹೆಸರನ್ನು ಆಮೇಲೆ ಇಡಿ.

ಕಿವಿಯೂ ಸಹಾಯ ಮಾಡುತ್ತದೆ. ಕುಬ್ಜದ ಕೂಗು ‘ಕ್ಲಿಕ್‌ರ್ರ್ರ್’ ಎಂದು ಸಣ್ಣ ದನಿಯಲ್ಲಿ ಉರುಳುತ್ತದೆ. ಹಳದಿ ನೆತ್ತಿಯದು ಬಿಡಿಬಿಡಿಯಾಗಿ, ಚುರುಕಾಗಿ ‘ಪೀಕ್, ಪೀಕ್’ ಎನ್ನುತ್ತದೆ.

ಕೊನೆಯದಾಗಿ ಜಾಗ. ಹಳದಿ ನೆತ್ತಿಯದು ಬಯಲುಸೀಮೆಯ ಹಕ್ಕಿ. ಜಾಲಿ, ಬೇವು, ಮಾವಿನ ತೋಪು, ಅಲ್ಲೊಂದು ಇಲ್ಲೊಂದು ಮರವಿರುವ ಹೊಲಗಳು ಇದಕ್ಕೆ ಸಾಕು. ಮಲೆನಾಡಿನ ದಟ್ಟ ನಿತ್ಯಹರಿದ್ವರ್ಣ ಕಾಡು ಇದಕ್ಕೆ ಒಗ್ಗದು. ಕುಬ್ಜ ಬಯಲಿನ ತೋಪುಗಳಲ್ಲೂ ಇದೆ, ಮಲೆನಾಡಿನ ಎಲೆಯುದುರುವ ಕಾಡು, ಬಿದಿರು ಮೆಳೆಗಳಲ್ಲೂ ಇದೆ. ನಮ್ಮಂಥ ಊರಿನಲ್ಲಿ ಎರಡೂ ಒಂದೇ ಮರಕ್ಕೆ ಬರಬಹುದು. ಆಗಲೂ ಕುಬ್ಜ ಹೆಚ್ಚಾಗಿ ತುದಿಯ ಸಣ್ಣ ರೆಂಬೆಗಳನ್ನು ತಡಕುತ್ತದೆ, ಬೇರೆ ಚಿಕ್ಕ ಹಕ್ಕಿಗಳ ಗುಂಪಿನ ಜೊತೆ ಸೇರಿ ತಿರುಗುತ್ತದೆ. ಹಳದಿ ನೆತ್ತಿಯದು ಕಾಂಡ ಮತ್ತು ದಪ್ಪ ಕೊಂಬೆಗಳ ಮೇಲೂ ಸಲೀಸಾಗಿ ಓಡಾಡುತ್ತದೆ.

ಬೇರೆ ಮಾಡಿ ಗುರುತಿಸಿ ಏನಾಗಬೇಕು ಎಂದು ಹಿರಿಯರು ಕೇಳಬಹುದು. ಎರಡೂ ಬೇಸಿಗೆಯ ಹೊತ್ತಿಗೆ ಒಣಗಿದ, ಮೆತ್ತಗಾದ ಕೊಂಬೆಯಲ್ಲಿ ಪೊಟರೆ ಕೊರೆದು ಬಿಳಿ ಮೊಟ್ಟೆ ಇಡುತ್ತವೆ. ಕುಬ್ಜಕ್ಕೆ ತೆಳ್ಳನೆಯ ಒಣ ಕೊಂಬೆ ಸಾಕು. ಓರೆಯಾದ ಕೊಂಬೆಯ ಕೆಳಬದಿಯಲ್ಲಿ ಬಾಗಿಲು ಮಾಡುತ್ತದೆ, ಮಳೆ ನೀರು ಒಳಗೆ ಹೋಗುವುದಿಲ್ಲ. ಹಳದಿ ನೆತ್ತಿಯದಕ್ಕೆ ಅದಕ್ಕಿಂತ ದಪ್ಪ ಬೇಕು. ಪಟ್ಟಿಯಲ್ಲಿ ಒಂದೇ ಹೆಸರಿದ್ದರೆ, ಒಂದು ಬಗೆಯ ಕೊಂಬೆ ಉಳಿಸಿ ಎಲ್ಲ ಉಳಿಸಿದೆವು ಎಂದುಕೊಳ್ಳುತ್ತೇವೆ. ಆಗ ಒಂದು ಹಕ್ಕಿ ಹೋದರೂ ನಮಗೆ ತಿಳಿಯುವುದಿಲ್ಲ.

ಮರಕುಟಿಗ ಮರವನ್ನು ಕೊಲ್ಲುತ್ತದೆ ಎಂಬ ಮಾತು ಊರಿನಲ್ಲಿ ಕೇಳಿದ್ದೇನೆ. ಈ ಪುಟ್ಟ ಹಕ್ಕಿಗಳ ಕೊಕ್ಕು ಗಟ್ಟಿಮರದಲ್ಲಿ ಗೂಡು ಕೊರೆಯುವಷ್ಟು ಬಲವಾದದ್ದಲ್ಲ. ಅವು ಕೊರೆಯುವುದು ಮೊದಲೇ ಸತ್ತ ಭಾಗವನ್ನು. ತೊಗಟೆಯ ಸಂದಿನ ಇರುವೆ, ಹುಳು, ಕೊರಕಗಳ ಮರಿಗಳೇ ಅವುಗಳ ಊಟ. ಅವು ಬಿಟ್ಟುಹೋದ ಪೊಟರೆಯಲ್ಲಿ, ತಾವೇ ಕೊರೆಯಲಾರದ ಬೇರೆ ಸಣ್ಣ ಹಕ್ಕಿಗಳು ಸಂಸಾರ ಹೂಡುತ್ತವೆ.

ಸಮಾರಂಭದ ನಂತರ ಆವರಣದ ಮರಗಳ ಒಣಕೊಂಬೆಗಳನ್ನೆಲ್ಲ ಕಡಿಸಿ ಚೊಕ್ಕಟ ಮಾಡುವ ಯೋಚನೆ ಇದೆ ಎಂದು ತಿಳಿಯಿತು. ಸಮಿತಿಯವರಲ್ಲಿ ನನ್ನದೊಂದು ವಿನಂತಿ. ತರಗತಿಯ ಹೆಂಚಿನ ಮೇಲೆ, ಮಕ್ಕಳು ಓಡಾಡುವ ದಾರಿಯ ಮೇಲೆ ಚಾಚಿರುವ ಒಣಕೊಂಬೆಗಳನ್ನು ಖಂಡಿತ ಕಡಿಸಿ. ಮಕ್ಕಳ ತಲೆಗಿಂತ ಯಾವ ಹಕ್ಕಿಯೂ ದೊಡ್ಡದಲ್ಲ. ಆದರೆ ಹಿಂಬದಿಯ ಬೇಲಿಯ ಕಡೆಗಿರುವ ಹುಣಸೆ ಮತ್ತು ಬೇವಿನ ಒಣಕೊಂಬೆಗಳನ್ನು, ದಪ್ಪದವೂ ತೆಳ್ಳನೆಯವೂ ಎರಡನ್ನೂ, ಬಿಡಿ. ಯಾವುದನ್ನು ಬಿಡಬೇಕೆಂದು ಇಕೋ ಕ್ಲಬ್ಬಿನ ಮಕ್ಕಳೇ ಬಣ್ಣ ಹಚ್ಚಿ ಗುರುತು ಮಾಡಿಕೊಡಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಶಾಲೆಗೆ ಒಂದು ದುರ್ಬೀನು ಕೊಡಿಸಿದರೆ ಇನ್ನೂ ಸಂತೋಷ.

ಗೋಡೆಯ ಪಟ್ಟಿಯಲ್ಲಿ ಆ ಪ್ರಶ್ನಾರ್ಥಕ ಚಿಹ್ನೆ ಹೋಗಿ ಎರಡು ಹೆಸರುಗಳು ಬರಲಿ. ಆ ಎರಡೂ ಹೆಸರು ಮುಂದಿನ ಐವತ್ತು ವರ್ಷವೂ ಅಲ್ಲೇ ಉಳಿಯಲಿ ಎಂದು ಹಾರೈಸುತ್ತೇನೆ.